ಸಾವಿರ ಗಜದ ಗಾಳಿ: ದೂರಗುರಿಯ ರೈಫಲ್ ನಡೆದು ಬಂದ ದಾರಿ

ಕೈಲ್‌ಪೋಳ್ದ್ ಹಬ್ಬದಂದು ಕೊಡಗಿನ ಐನ್‌ಮನೆಗಳಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಬಳಿಕ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿ ಗಾಳಿ ಬೀಸಿದರೆ ಅಲುಗುವುದು ಕಾಯಿ. ದೂರ ಕಡಿಮೆಯಾದುದರಿಂದ ಗುಂಡು ನೇರವಾಗಿಯೇ ಸಾಗುತ್ತದೆ. ಇಂಗ್ಲೆಂಡಿನ ಸರ್ರೆ ಪ್ರಾಂತದ ಬಿಸ್ಲಿ ಮೈದಾನದಲ್ಲಿ ಇದು ತಲೆಕೆಳಗು. ಸಾವಿರ ಗಜ, ಅಂದರೆ 914 ಮೀಟರ್ ಆಚೆ ಗುರಿಹಲಗೆ ಕದಲದೆ ನಿಂತಿರುತ್ತದೆ. ಗಾಳಿ ಅಲುಗಿಸುವುದು ಗುಂಡನ್ನು.

ನಮ್ಮ ಬಳಗದ ಕೊಡವ ಮಿತ್ರರೊಬ್ಬರೊಡನೆ ಬೇಸಿಗೆಯ ಒಂದು ಮಧ್ಯಾಹ್ನ ಆ ಮೈದಾನದಲ್ಲಿ ಪ್ರೇಕ್ಷಕನಾಗಿ ಕುಳಿತಿದ್ದೆ. ಕಂಬಗಳ ಮೇಲಿನ ಉದ್ದನೆಯ ಬಾವುಟಗಳು ಒಮ್ಮೆ ಜೋತು ಬಿದ್ದು, ಮರುಕ್ಷಣವೇ ಅಡ್ಡಲಾಗಿ ಚಾಚಿಕೊಳ್ಳುತ್ತಿದ್ದವು. ಅನುಭವಿಗಳ ಗುಂಡುಗಳೂ ನಡುಗುರಿಯಿಂದ ಆಚೀಚೆ ಸರಿಯುತ್ತಿದ್ದವು. ಮಿತ್ರರು ಕೇಳಿದರು: “ಡಾಕ್ಟ್ರೇ, ಇಷ್ಟೆಲ್ಲಾ ಪರದಾಡುವ ಬದಲು ಇನ್ನೂ ದಪ್ಪ ಗುಂಡು ಹಾಕಿದರೆ ಆಗದೇ? ಗಾಳಿ ಏನು ಮಾಡೀತು?”

ಪ್ರಶ್ನೆ ಸರಳವಾಗಿತ್ತು. ಅದಕ್ಕೆ ಉತ್ತರ ಹುಡುಕುತ್ತ ಹೊರಟ ನನಗೆ ಕಂಡದ್ದು ಮೂರು ಶತಮಾನಗಳಿಗೆ ಹತ್ತಿರದ ಒಂದು ಇತಿಹಾಸ. ಅದರಲ್ಲಿ ನಮ್ಮ ನಾಡಿನ ನೆನಪುಗಳೂ ಅಲ್ಲಲ್ಲಿ ಹೆಣೆದುಕೊಂಡಿವೆ.

ಗಾಳಿಯನ್ನು ಮೊದಲು ಅಳೆದವನು

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಕಣದಲ್ಲಿ ಹುಟ್ಟಿದ್ದು. ಮೊರದಿಂದ ತೂರಿದಾಗ ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಎರಡಕ್ಕೂ ಬೀಸುವ ಗಾಳಿ ಒಂದೇ. ಗಾಳಿ ಹಿಡಿಯುವ ಮೈಗೆ ಹೋಲಿಸಿದರೆ ಕಾಳಿನಲ್ಲಿ ತೂಕ ಹೆಚ್ಚು, ಹೊಟ್ಟಿನಲ್ಲಿ ಕಡಿಮೆ. ನಮ್ಮ ರೈತರು ಕಣ್ಣಳತೆಯಲ್ಲಿ ಅರಿತಿದ್ದ ಈ ಸಂಗತಿ ಬಂದೂಕಿನ ಶಾಸ್ತ್ರಕ್ಕೆ ಪ್ರವೇಶಿಸಲು ಬಹಳ ಕಾಲ ಹಿಡಿಯಿತು. ಹಾರುವ ಗುಂಡಿಗೆ ಗಾಳಿಯ ತಡೆ ಅಷ್ಟೇನೂ ದೊಡ್ಡದಲ್ಲವೆಂದೇ ಅನೇಕರು ನಂಬಿದ್ದರು.

ಆ ನಂಬಿಕೆಯನ್ನು ಮುರಿದವನು ಬಾತ್ ನಗರದಲ್ಲಿ ಹುಟ್ಟಿದ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ’ ಎಂಬ ಗ್ರಂಥದಲ್ಲಿ ಅವನು ತನ್ನ ಹೊಸ ಸಾಧನವನ್ನು ವಿವರಿಸಿದ. ಭಾರವಾದ ಮರದ ದಿಮ್ಮಿಯೊಂದನ್ನು ಲೋಲಕದಂತೆ ತೂಗುಬಿಟ್ಟು ಅದಕ್ಕೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದೆ ಸರಿಯಿತು ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕುವ ಉಪಾಯವದು. ಬೇರೆ ಬೇರೆ ದೂರಗಳಲ್ಲಿ ಹೀಗೆ ಅಳೆದಾಗ, ನಳಿಗೆಯಿಂದ ಆಗತಾನೇ ಹೊರಟ ಗುಂಡಿಗೆ ಗಾಳಿ ಒಡ್ಡುವ ತಡೆ ಗುಂಡಿನ ತೂಕದ ನೂರು ಪಟ್ಟನ್ನೂ ಮೀರುತ್ತದೆ ಎಂದು ತಿಳಿದುಬಂತು. ಮಹಾಗಣಿತಜ್ಞ ಆಯ್ಲರ್ ಈ ಗ್ರಂಥವನ್ನು ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ತಂದನು. ರಾಬಿನ್ಸ್ 1747ರಲ್ಲಿ ಇನ್ನೊಂದು ಮಾತನ್ನೂ ಹೇಳಿದ: ನಳಿಗೆಯ ಒಳಮೈಯಲ್ಲಿ ಸುರುಳಿಗೀರುಗಳಿದ್ದು ಗುಂಡನ್ನು ತಿರುಗಿಸುವ ರೈಫಲ್‌ಗಳನ್ನು ಯಾವ ದೇಶ ಮೊದಲು ಚೆನ್ನಾಗಿ ಅರಿತು ಬಳಸುವುದೋ ಅದು ಉಳಿದವುಗಳ ಮೇಲೆ ಮೇಲುಗೈ ಸಾಧಿಸುವುದು.

ಈ ವಿಜ್ಞಾನಿಯ ಕೊನೆ ನಮ್ಮ ದಕ್ಷಿಣ ಭಾರತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸುಧಾರಿಸಲು ಬಂದ ಅವನು 1751ರ ಜುಲೈನಲ್ಲಿ ಕಡಲೂರಿನ ಬಳಿಯ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ತೀರಿಕೊಂಡ.

ದಪ್ಪವೇ ಲೇಸು ಎಂಬ ಕಾಲ

ನನ್ನ ಮಿತ್ರರ ಪ್ರಶ್ನೆಯನ್ನು ರಾಬಿನ್ಸನ ಕಾಲದಲ್ಲಿ ಕೇಳಿದ್ದರೆ ಉತ್ತರ ‘ಹೌದು’ ಎಂದೇ ಇರುತ್ತಿತ್ತು. ಆಗ ಗುಂಡು ಎಂದರೆ ಗೋಲಿಯಂತೆ ದುಂಡನೆಯ ಸೀಸ. ಅದರ ವ್ಯಾಸವನ್ನು ಎರಡರಷ್ಟು ಮಾಡಿದರೆ ಗಾಳಿಗೆ ಎದುರಾಗುವ ಮೈ ನಾಲ್ಕರಷ್ಟಾಗುತ್ತದೆ, ತೂಕ ಎಂಟರಷ್ಟಾಗುತ್ತದೆ. ದುಂಡು ಗುಂಡಿನಲ್ಲಿ ಕಾಳಿನ ಗುಣವನ್ನು ಹೆಚ್ಚಿಸಲು ದಪ್ಪ ಮಾಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ‘ದೊಡ್ಡ ಕ್ಯಾಲಿಬರ್ ಗಾಳಿಗೆ ಜಗ್ಗದು’ ಎಂಬ ಇಂದಿನ ಜನಜನಿತ ನಂಬಿಕೆ ಆ ಕಾಲದ ಸತ್ಯದ ಪಳೆಯುಳಿಕೆ. ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ, ಸ್ಥೂಲವಾಗಿ ಗುಂಡಿನ ದಪ್ಪ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗುಂಡು ಉದ್ದವಾಯಿತು. 1849ರಲ್ಲಿ ಫ್ರಾನ್ಸಿನ ಮಿನಿಯೆ ರೂಪಿಸಿದ ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಬುಡ ಅರಳಿ ನಳಿಗೆಯ ಗೀರುಗಳನ್ನು ಹಿಡಿಯುತ್ತಿತ್ತು. ಅದೇ ತತ್ತ್ವದ ಮೇಲೆ ಬ್ರಿಟಿಷರು 1853ರ ಎನ್‌ಫೀಲ್ಡ್ ರೈಫಲನ್ನು ತಂದರು. ಅದರ ಒಳವ್ಯಾಸ 0.577 ಅಂಗುಲ, ಎಂದರೆ ಸುಮಾರು 14.7 ಮಿಲಿಮೀಟರ್. ಗೀರುಗಳ ತಿರುವು ಬಹಳ ನಿಧಾನ: 78 ಅಂಗುಲಕ್ಕೆ ಒಂದು ಸುತ್ತು. ನಳಿಗೆಯ ಉದ್ದವೇ 39 ಅಂಗುಲವಾದ್ದರಿಂದ ಗುಂಡು ಹೊರಬೀಳುವಷ್ಟರಲ್ಲಿ ಅರ್ಧ ಸುತ್ತನ್ನಷ್ಟೇ ಮುಗಿಸುತ್ತಿತ್ತು.

ವಿಟ್‌ವರ್ತ್‌ನ ಉತ್ತರ

ಈ ರೈಫಲನ್ನು ಪರಿಶೀಲಿಸಲು ಸರಕಾರ ಕರೆದದ್ದು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್‌ನನ್ನು. ತಿರುಪುಮೊಳೆಗಳ ಎಳೆಗೆ ದೇಶಕ್ಕೆಲ್ಲ ಒಂದೇ ಅಳತೆ ತಂದ ಯಂತ್ರಶಿಲ್ಪಿ ಅವನು. ಬಂದೂಕು ಅವನ ಕ್ಷೇತ್ರವಲ್ಲ. ಅದೇ ಅವನ ಅನುಕೂಲವಾಯಿತು. ಊಹೆಯನ್ನು ಬದಿಗಿಟ್ಟು ಪ್ರಯೋಗಕ್ಕೆ ಹೊರಟ ಅವನು, ಗಾಳಿಯ ಕಾಟವಿಲ್ಲದೆ ಪರೀಕ್ಷಿಸಲೆಂದು ತನ್ನ ಮನೆಯ ಬಳಿ 500 ಗಜ ಉದ್ದದ ಮುಚ್ಚಿದ ಗ್ಯಾಲರಿಯೊಂದನ್ನು ಕಟ್ಟಿಸಿದ. ಕಟ್ಟಿ ಮುಗಿಯುತ್ತಲೇ ಬಿರುಗಾಳಿ ಬೀಸಿ ಅದನ್ನು ಕೆಡವಿತು! ಮತ್ತೆ ಕಟ್ಟಿಸಿ, ದಾರಿಯುದ್ದಕ್ಕೂ ತೆಳುಕಾಗದದ ಪರದೆಗಳನ್ನು ಇಳಿಬಿಟ್ಟ. ಗುಂಡು ಕೊರೆದ ರಂಧ್ರಗಳ ಆಕಾರವೇ ಅದು ನೆಟ್ಟಗೆ ಸಾಗಿತೋ ಓಲಾಡಿತೋ ಎಂಬುದನ್ನು ಹೇಳುತ್ತಿತ್ತು.

ಅವನ ತೀರ್ಮಾನ ಹೀಗಿತ್ತು: ಗುಂಡಿನ ತೂಕ ಎನ್‌ಫೀಲ್ಡಿನಷ್ಟೇ ಇರಲಿ, ಸುಮಾರು 34 ಗ್ರಾಮ್, ಆದರೆ ಅದನ್ನು ತೆಳ್ಳಗೆ, ಉದ್ದವಾಗಿ ಮಾಡಬೇಕು. ಒಳವ್ಯಾಸವನ್ನು ಅವನು 0.451 ಅಂಗುಲಕ್ಕೆ ಇಳಿಸಿದ. ಲೆಕ್ಕ ಹಾಕಿ ನೋಡಿ: ತೂಕ ಅಷ್ಟೇ ಉಳಿದು ಗಾಳಿಗೆ ಎದುರಾಗುವ ಮೈ ಸುಮಾರು 39 ಶೇಕಡ ಕಡಿಮೆಯಾಯಿತು. ಉದ್ದನೆಯ ಗುಂಡು ಓಲಾಡದಿರಬೇಕಾದರೆ ಬೇಗ ತಿರುಗಬೇಕು, ಬುಗುರಿಯಂತೆ. ಅದಕ್ಕಾಗಿ 20 ಅಂಗುಲಕ್ಕೆ ಒಂದು ಸುತ್ತು ಬರುವಂತೆ ಷಟ್ಕೋನಾಕಾರದ ನಳಿಗೆಯನ್ನು ರೂಪಿಸಿದ.

1857ರ ಏಪ್ರಿಲ್‌ನಲ್ಲಿ ಕೆಂಟ್ ಕರಾವಳಿಯ ಹೈತ್‌ನಲ್ಲಿ ಎರಡೂ ರೈಫಲ್‌ಗಳ ಪರೀಕ್ಷೆ ನಡೆಯಿತು. 500 ಗಜದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಎರಡೂಕಾಲು ಅಡಿಯಷ್ಟು ಚದರಿದರೆ, ವಿಟ್‌ವರ್ತ್‌ನವು ಅರ್ಧ ಅಡಿಗೂ ಕಡಿಮೆ. 1400 ಗಜದಲ್ಲಿ ಎನ್‌ಫೀಲ್ಡ್ ಗುರಿಹಲಗೆಯನ್ನೇ ಮುಟ್ಟಲಿಲ್ಲ, ವಿಟ್‌ವರ್ತ್ ಮುಟ್ಟಿತು. ಆದರೂ ಸೈನ್ಯ ಅದನ್ನು ಸ್ವೀಕರಿಸಲಿಲ್ಲ. ಬೆಲೆ ದುಬಾರಿ, ಮದ್ದಿನ ಮಸಿ ಕಟ್ಟಿಕೊಂಡರೆ ಗುಂಡು ತುಂಬುವುದು ಕಷ್ಟ.

ಭಾರತೀಯ ಓದುಗರಿಗೆ ಆ ವಸಂತ ಬೇರೆ ಕಾರಣಕ್ಕೆ ನೆನಪು. ಹೈತ್‌ನಲ್ಲಿ ಸೋತ ಅದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾಗಳೇ ಸಿಪಾಯಿಗಳ ಅಸಮಾಧಾನಕ್ಕೆ ಕಿಡಿ ಹೊತ್ತಿಸಿದವು. ದಂಗೆಯ ಬೆನ್ನಲ್ಲೇ ಬಂದ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿ ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಸಿಡಿದೆದ್ದರು. ಕೊಡವರಿಗೆ 1861ರಲ್ಲಿ ಆ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕೈಲ್‌ಪೋಳ್ದ್ ದಿನ ಇಂದಿಗೂ ಕೋವಿ ಪೂಜೆಗೊಳ್ಳುವುದರ ಹಿಂದೆ ಈ ಇತಿಹಾಸವೂ ಇದೆ.

ಯುದ್ಧದ ಆಯುಧ, ಪಂದ್ಯದ ಸಾಧನ

ಸೈನ್ಯ ಬಿಟ್ಟ ರೈಫಲನ್ನು ಕ್ರೀಡೆ ಎತ್ತಿಕೊಂಡಿತು. 1859ರಲ್ಲಿ ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. 1860ರ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ಅದರ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದಳು. ಕಬ್ಬಿಣದ ಆಸರೆಯ ಮೇಲೆ ಬಿಗಿದಿಟ್ಟಿದ್ದ ವಿಟ್‌ವರ್ತ್ ರೈಫಲಿನ ಕುದುರೆಗೆ ಕಟ್ಟಿದ ರೇಷ್ಮೆಯ ದಾರವನ್ನು ಆಕೆ ಎಳೆದಾಗ, ಗುಂಡು 400 ಗಜದಾಚೆ ಕೇಂದ್ರದಿಂದ ಒಂದೂಕಾಲು ಅಂಗುಲದಲ್ಲಿ ನಾಟಿತು. ವಿಂಬಲ್ಡನ್ ಎಂದರೆ ಟೆನಿಸ್ ಎಂದಷ್ಟೇ ತಿಳಿದ ನಮಗೆ, ಟೆನಿಸ್ಸಿಗಿಂತ ಮೊದಲು ಅಲ್ಲಿ ಹೆಸರಾಗಿದ್ದುದು ಗುರಿಕಾರರ ಪಂದ್ಯ ಎಂಬುದು ಸೋಜಿಗ.

ಆ ಕೂಟದ ಬಹುಮಾನಗಳಲ್ಲೊಂದು ಬೆಳಗಾವಿಯ ನೆರೆಸಂಸ್ಥಾನದಿಂದ ಬಂತು. ಕೊಲ್ಹಾಪುರದ ಅರಸ ರಾಜಾರಾಮ 1870ರಲ್ಲಿ ಇಂಗ್ಲೆಂಡಿಗೆ ಬಂದು, ಹಿಂದಿರುಗುವ ದಾರಿಯಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಅಕಾಲ ಮರಣಕ್ಕೀಡಾದ. ಕೊಲ್ಹಾಪುರದ ಅರಸನ ಹೆಸರಿನ ಕಪ್ಪಿಗಾಗಿ 1871ರಿಂದ ನಡೆದುಬಂದ ತಂಡಗಳ ಪಂದ್ಯ ‘ಕೊಲಾಪುರ್’ ಎಂಬ ಹೆಸರಿನಲ್ಲಿ ಬಿಸ್ಲಿಯಲ್ಲಿ ಈಗಲೂ ನಡೆಯುತ್ತಿದೆ.

ಸಾಗರದಾಚೆಗೂ ಈ ಹುಮ್ಮಸ್ಸು ಹರಡಿತು. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೋರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ತಂಡಗಳು 800, 900, 1000 ಗಜಗಳಲ್ಲಿ ಸೆಣಸಿದವು. ಐರಿಷರದು ಮೂತಿಯಿಂದ ಗುಂಡು ತುಂಬುವ ರಿಗ್ಬಿ ರೈಫಲ್; ಅಮೆರಿಕನ್ನರದು ಹಿಂಬದಿಯಿಂದ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್. ಎರಡೂ ಪಕ್ಷದ ನಳಿಗೆಗಳು ವಿಟ್‌ವರ್ತ್ ತೋರಿದ ಅಳತೆಯ ಆಸುಪಾಸಿನವೇ. ಐರಿಷ್ ತಂಡದವನೊಬ್ಬ ಬೇರೆಯವರ ಹಲಗೆಗೆ ಗುಂಡು ಹೊಡೆದು ಅಂಕ ಕಳೆದುಕೊಂಡ. ಕೊನೆಯ ಗುಂಡು ಅಮೆರಿಕದ ಜಾನ್ ಬೋಡೈನ್‌ನದು. ಸ್ವಲ್ಪ ಮೊದಲು ಜಿಂಜರ್ ಬಿಯರ್ ಸೀಸೆ ಸಿಡಿದು ಅವನ ಕೈ ಸೀಳಿತ್ತು. ವೈದ್ಯನಾದ ನಾನು ಅಂಥ ಕೈಗೆ ವಿಶ್ರಾಂತಿಯನ್ನೇ ಹೇಳುತ್ತಿದ್ದೆ. ಅವನು ಕರವಸ್ತ್ರ ಸುತ್ತಿಕೊಂಡು ಮಲಗಿ ಗುರಿಯ ನಡುವಿಗೇ ಹೊಡೆದ. ಅಮೆರಿಕ 934, ಐರ್ಲೆಂಡ್ 931. ಉಪಕರಣಗಳು ಸಾಟಿಯಾದಾಗ ಉಳಿಯುವುದು ಮನುಷ್ಯನ ಗಮನ ಮತ್ತು ಎದೆಗಟ್ಟಿ ಎಂಬುದು ಅಂದೇ ತಿಳಿಯಿತು.

ತೆಳುವಾದ ಗುಂಡು, ಚೂಪಾದ ಮೂತಿ

1886ರಲ್ಲಿ ಫ್ರೆಂಚರು ಹೊಗೆರಹಿತ ಮದ್ದನ್ನು ಬಳಸುವ 8 ಮಿಲಿಮೀಟರಿನ ಲೆಬೆಲ್ ರೈಫಲನ್ನು ತಂದರು. ಹೊಸ ಮದ್ದಿನ ಬಲದಿಂದ ವೇಗ ಒಮ್ಮೆಲೇ ಏರಿತು, ಒಳವ್ಯಾಸ ಇನ್ನಷ್ಟು ಇಳಿಯಿತು. ಬ್ರಿಟಿಷರು 1888ರಲ್ಲಿ 0.303 ಅಂಗುಲದ ತೋಟಾವನ್ನು ಆರಿಸಿಕೊಂಡರು. ಸ್ವೀಡನ್ 1890ರ ದಶಕದಲ್ಲಿ 6.5 ಮಿಲಿಮೀಟರಿಗೆ ಇಳಿಯಿತು. 1890ರಲ್ಲಿ ಗುರಿಕಾರರ ಕೂಟವೂ ವಿಂಬಲ್ಡನ್ನಿನಿಂದ ಬಿಸ್ಲಿಗೆ ಸ್ಥಳಾಂತರಗೊಂಡಿತು.

ಇನ್ನು ಉಳಿದದ್ದು ಆಕಾರ. ಅಂದಿನ ಗುಂಡುಗಳ ಮೂತಿ ಹೆಬ್ಬೆರಳಿನಂತೆ ಮೊಂಡು. 1898ರಲ್ಲಿ ಫ್ರೆಂಚರು ಮೂತಿಯನ್ನು ಚೂಪಾಗಿಸಿ, ಬುಡವನ್ನು ದೋಣಿಯ ಹಿಂಭಾಗದಂತೆ ಕಿರಿದಾಗಿಸಿದರು. 1905ರಲ್ಲಿ ಜರ್ಮನ್ನರು ಚೂಪುಗುಂಡನ್ನು ಅಳವಡಿಸಿಕೊಂಡರು. ಬ್ರಿಟನ್ 1910ರಲ್ಲಿ 14 ಗ್ರಾಮಿನ ಮೊಂಡುಗುಂಡನ್ನು ಬಿಟ್ಟು 11.3 ಗ್ರಾಮಿನ ಚೂಪುಗುಂಡಿಗೆ ಬಂತು. ಇಲ್ಲಿಗೆ ಮೂರು ಪಾಠಗಳು ಕೂಡಿಬಂದವು: ಮೈಗೆ ತಕ್ಕ ತೂಕ, ಗಾಳಿಯನ್ನು ಸೀಳುವ ಆಕಾರ, ಸಾಕಷ್ಟು ವೇಗ. ಬರಿಯ ದಪ್ಪ ಆ ಪಟ್ಟಿಯಲ್ಲಿಲ್ಲ.

ಗಾಳಿ ಕದಿಯುವುದು ಹೊತ್ತನ್ನು

ಅಡ್ಡಗಾಳಿ ಗುಂಡಿನ ಪಕ್ಕೆಗೆ ಕೈಕೊಟ್ಟು ನೂಕುತ್ತದೆ ಎಂದು ನಾವು ಭಾವಿಸುತ್ತೇವೆ. ನಡೆಯುವುದು ಬೇರೆ. ತಿರುಗುತ್ತ ಸಾಗುವ ಗುಂಡು ತನಗೆ ಎದುರಾಗುವ ಗಾಳಿಯ ಕಡೆಗೆ ಮೂತಿಯನ್ನು ತುಸು ಹೊರಳಿಸುತ್ತದೆ. ಆಗ ಅದನ್ನು ಹಿಂದಕ್ಕೆಳೆಯುವ ತಡೆಯೂ ತುಸು ಓರೆಯಾಗುತ್ತದೆ. ಆ ಓರೆಯೆಳೆತವೇ ಗುಂಡನ್ನು ಗಾಳಿ ಹೋಗುವ ದಿಕ್ಕಿಗೆ ಸರಿಸುತ್ತದೆ. ಇದರಿಂದ ಸುಂದರವಾದ ಸೂತ್ರವೊಂದು ದೊರೆಯುತ್ತದೆ. ಗಾಳಿಯ ತಡೆಯೇ ಇಲ್ಲದಿದ್ದರೆ ಗುಂಡು ಗುರಿ ಮುಟ್ಟಲು ಬೇಕಾದ ಹೊತ್ತೆಷ್ಟು, ನಿಜವಾಗಿ ಹಿಡಿದ ಹೊತ್ತೆಷ್ಟು? ಇವೆರಡರ ವ್ಯತ್ಯಾಸವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿಯುವ ದೂರ ಸಿಗುತ್ತದೆ.

ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟ ಗುಂಡು ತಡೆಯಿಲ್ಲದಿದ್ದರೆ ಸಾವಿರ ಗಜವನ್ನು ಒಂದು ಸೆಕೆಂಡಿಗೆ ತುಸು ಹೆಚ್ಚು ಹೊತ್ತಿನಲ್ಲಿ ದಾಟೀತು. ಇಂದಿನ ಪಂದ್ಯಗಳ 7.62 ಮಿಲಿಮೀಟರಿನ ಗುಂಡಿಗೆ ಹಿಡಿಯುವುದು ಸುಮಾರು ಒಂದೂವರೆ ಸೆಕೆಂಡ್. ಕಳೆದುಹೋದದ್ದು ಅರ್ಧ ಸೆಕೆಂಡಿನ ಆಸುಪಾಸು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಆ ಅರ್ಧ ಸೆಕೆಂಡಿನಲ್ಲಿ ಎರಡು ಮೀಟರಿಗೂ ಮಿಗಿಲಾಗಿ ಸಾಗುತ್ತದೆ. ಗುಂಡೂ ಅಷ್ಟೇ ಸರಿಯುತ್ತದೆ. ನಡುಗುರಿಯ ವ್ಯಾಸ ಸುಮಾರು ಎರಡು ಅಡಿ ಮಾತ್ರ. ಗಾಳಿಯ ಅಂದಾಜಿನಲ್ಲಿ ಗಂಟೆಗೆ ಒಂದೂವರೆ ಮೈಲಿ ತಪ್ಪಿದರೂ ಸಾಕು, ನಡುವಿಗೆ ಹಿಡಿದ ಗುಂಡು ಅದರ ಅಂಚಿನಾಚೆ ಬೀಳುತ್ತದೆ.

ವೇಗವೇ ಎಲ್ಲವೂ ಅಲ್ಲ ಎಂಬುದಕ್ಕೆ ಪುಟ್ಟ 0.22 ರೈಫಲ್ ಸಾಕ್ಷಿ. ಅದರ ‘ಅತಿವೇಗ’ದ ತೋಟಾ ಶಬ್ದದ ವೇಗವನ್ನು ಮೀರಿ ಹೊರಡುತ್ತದೆ, ಪಂದ್ಯದ ತೋಟಾ ಶಬ್ದದ ವೇಗಕ್ಕಿಂತ ತುಸು ಕೆಳಗೇ ಉಳಿಯುತ್ತದೆ. ನೂರು ಗಜದಲ್ಲಿ ಗಾಳಿಗೆ ಹೆಚ್ಚು ಸರಿಯುವುದು ವೇಗದ್ದೇ! ಶಬ್ದದ ವೇಗದ ಗಡಿಯಲ್ಲಿ ಗಾಳಿಯ ತಡೆ ತೀವ್ರವಾಗಿ ಏರುವುದರಿಂದ ಅದು ಕಳೆದುಕೊಳ್ಳುವ ಹೊತ್ತೇ ಹೆಚ್ಚು. ಎಷ್ಟು ಬೇಗ ಹೊರಟೆ ಎಂಬುದಕ್ಕಿಂತ ದಾರಿಯಲ್ಲಿ ಎಷ್ಟು ಕಳೆದುಕೊಂಡೆ ಎಂಬುದು ಇಲ್ಲಿ ಮುಖ್ಯ.

ಇಂದಿನ ಆಯ್ಕೆ

ವಿಟ್‌ವರ್ತ್ ಹಿಡಿದ ದಾರಿಯಲ್ಲೇ ಇಂದಿನ ಕ್ಯಾಲಿಬರ್‌ಗಳೂ ಸಾಗಿವೆ. 2007ರಲ್ಲಿ ಬಂದ 6.5 ಮಿಲಿಮೀಟರಿನ ಜನಪ್ರಿಯ ತೋಟಾಕ್ಕೆ ಕ್ರೀಡ್‌ಮೋರ್ ಎಂದೇ ಹೆಸರು. ಅದರ 9 ಗ್ರಾಮಿನ ನೀಳಗುಂಡು, 7.62ರ 11 ಗ್ರಾಮಿನ ಗುಂಡಿಗಿಂತ ಹಗುರವಾದರೂ ಸಾವಿರ ಗಜದಲ್ಲಿ ಗಾಳಿಗೆ ಸುಮಾರು ಕಾಲು ಭಾಗ ಕಡಿಮೆ ಸರಿಯುತ್ತದೆ. ಇನ್ನೂ ಕಡಿಮೆ ಸರಿಯಬೇಕೆಂದರೆ 7 ಮಿಲಿಮೀಟರಿನ ಭಾರದ ನೀಳಗುಂಡುಗಳಿವೆ. ಆದರೆ ಪ್ರತಿಯೊಂದು ಲಾಭಕ್ಕೂ ತೆರಿಗೆಯುಂಟು. ಕಿರಿದಾದ ನಳಿಗೆಯಲ್ಲಿ ಹೆಚ್ಚು ಮದ್ದು ಉರಿಸಿದರೆ ಅದರ ಗಂಟಲು ಬೇಗ ಸವೆಯುತ್ತದೆ. ಭಾರದ ಗುಂಡನ್ನು ವೇಗವಾಗಿ ಹೊಡೆದರೆ ಭುಜಕ್ಕೆ ಬೀಳುವ ಒದೆತ ಹೆಚ್ಚುತ್ತದೆ. ಒದೆತವನ್ನು ಮುಂಗಂಡ ದೇಹ ಕುದುರೆ ಎಳೆಯುವ ಕ್ಷಣದಲ್ಲೇ ತಾನಾಗಿ ಬೆದರಿ ಕುಗ್ಗುತ್ತದೆ. ಅರಿವಿಗೆ ಬಾರದ ಈ ಪ್ರತಿಕ್ರಿಯೆಯನ್ನು ಬರಿಯ ಸಂಕಲ್ಪದಿಂದ ತಡೆಯಲಾಗದು. ಹತ್ತಾರು ಗುಂಡುಗಳ ಪಂದ್ಯದಲ್ಲಿ, ಗಾಳಿಯಿಂದ ಉಳಿಸಿಕೊಂಡ ಅಂಗುಲಗಳನ್ನು ಅದು ಕಸಿದುಕೊಂಡೀತು.

ಕ್ರೀಡೆ ಇದಕ್ಕೆ ಕಂಡುಕೊಂಡ ಪರಿಹಾರ ವಿಶಿಷ್ಟವಾದುದು. ಕೆನಡಾದ ಜಾರ್ಜ್ ಫಾರ್ಕರ್ಸನ್ ಅವರ ಹೆಸರಿನ ಮೊದಲಕ್ಷರ ಹೊತ್ತ ಎಫ್ ಕ್ಲಾಸ್ ಪಂದ್ಯದ ಮುಕ್ತ ವಿಭಾಗದಲ್ಲಿ ಕ್ಯಾಲಿಬರ್ ಆರಿಸುವ ಸ್ವಾತಂತ್ರ್ಯ ಹೆಚ್ಚು. ಆದರೆ ಬಿಸ್ಲಿಯ ಮುಖ್ಯ ಪಂದ್ಯಗಳಲ್ಲಿ ಎಲ್ಲರಿಗೂ ಸಮಾನವಾದ 7.62 ಮಿಲಿಮೀಟರಿನ ರೈಫಲೇ ರೂಢಿ. ಗಾಳಿಗೆ ಇನ್ನೂ ಕಡಿಮೆ ಸರಿಯುವ ಗುಂಡುಗಳಿವೆ ಎಂಬುದು ಅಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಅದನ್ನು ಬದಿಗಿಟ್ಟಿದ್ದಾರೆ. ಏಕೆಂದರೆ ಉಪಕರಣ ಸಮವಾದಾಗ ಗಾಳಿಯನ್ನು ಓದುವ ವಿದ್ಯೆಯೇ ಪಂದ್ಯವಾಗುತ್ತದೆ.

1930ರಲ್ಲಿ ಇದೇ ಮೈದಾನದಲ್ಲಿ ಮಾರ್ಜರಿ ಫಾಸ್ಟರ್ ಎಂಬ ಮಹಿಳೆ, ಎಲ್ಲರಂತೆಯೇ 0.303 ರೈಫಲ್ ಹಿಡಿದು, ಒಂದೇ ಒಂದು ಅಂಕದ ಅಂತರದಿಂದ ಕಿಂಗ್ಸ್ ಪ್ರೈಜ್ ಗೆದ್ದಳು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವಳು. ವೃತ್ತಿಯಿಂದ ಕೋಳಿ ಸಾಕಣೆಗಾರ್ತಿ. ಅವಳ ರೈಫಲ್ ಯಾರದಕ್ಕಿಂತಲೂ ಹೆಚ್ಚಿನದಾಗಿರಲಿಲ್ಲ. ಗೆದ್ದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೆರೆಸುವುದು ಬಿಸ್ಲಿಯ ಸಂಪ್ರದಾಯ. ಅಂದು ಆ ಗೌರವ ಅವಳಿಗೆ ಸಂದಿತು.

ಆ ಮಧ್ಯಾಹ್ನ ನಾವು ಕುಳಿತಲ್ಲಿಂದ ಮುಂದೆ ವೃದ್ಧರೊಬ್ಬರು ಚಾಪೆಯ ಮೇಲೆ ಬೋರಲು ಮಲಗಿದ್ದರು. ರೈಫಲ್ ಸಿದ್ಧವಿದ್ದರೂ ಗುಂಡು ಹಾರಿಸಲಿಲ್ಲ. ದೂರದರ್ಶಕದಲ್ಲಿ ಬಿಸಿಲುಝಳ ಯಾವ ಕಡೆಗೆ ಹರಿಯುತ್ತಿದೆಯೆಂದು ನೋಡಿದರು. ಬಳಿಕ ಹತ್ತಿರದ ಬಾವುಟ, ದೂರದ ಬಾವುಟ, ಮತ್ತೆ ಹತ್ತಿರದ ಬಾವುಟ. ಆರಂಭದಲ್ಲೇ ಗಾಳಿ ಕೊಟ್ಟ ಓರೆ ದಾರಿಯುದ್ದಕ್ಕೂ ಬೆಳೆಯುವುದರಿಂದ ತಮ್ಮ ಬಳಿಯ ಗಾಳಿಯನ್ನು ಅವರು ಹೆಚ್ಚು ಗಮನಿಸುತ್ತಿದ್ದರು. ದರ್ಶಕದ ತಿರುಪನ್ನು ಎರಡು ಗೆರೆ ತಿರುಗಿಸಿ, ಉಸಿರು ಅರ್ಧ ಬಿಟ್ಟು, ಕುದುರೆ ಎಳೆದರು. ಗುರಿಹಲಗೆ ಕೆಳಗಿಳಿದು ಮತ್ತೆ ಮೇಲೆದ್ದಾಗ ಬಿಳಿಯ ಗುರುತು ನಡುವಿನಲ್ಲಿತ್ತು.

ಮಿತ್ರರು ಮತ್ತೆ ದಪ್ಪ ಗುಂಡಿನ ಮಾತೆತ್ತಲಿಲ್ಲ. “ಕಾಯಿ ತೂಗುವುದು ನಿಲ್ಲುವವರೆಗೆ ಕಾಯಬೇಕು ಅಂತ ನಮ್ಮ ಅಜ್ಜ ಹೇಳುತ್ತಿದ್ದರು” ಎಂದಷ್ಟೇ ಅಂದು, ಬಾವುಟಗಳನ್ನು ನೋಡತೊಡಗಿದರು.